ನನ್ನ ತಂಗಿಯ ಲೈಪೋಸಕ್ಷನ್: ನಿರ್ಧಾರದಿಂದ ಒಂದು ವರ್ಷದವರೆಗೆ

ನನ್ನ ತಂಗಿ ಲೈಪೋಸಕ್ಷನ್ ಮಾಡಿಸಿ, ಅಂದರೆ ತೆಳು ಕೊಳವೆಯಿಂದ ಹೀರಿಸಿ, ಹೊಟ್ಟೆ ಮತ್ತು ಸೊಂಟದ ಕೊಬ್ಬು ತೆಗೆಸಿಕೊಂಡು ಈಗ 14 ತಿಂಗಳಾಯಿತು. ನಾನು ನರ್ಸ್. ಸರ್ಜರಿ ವಾರ್ಡಿನಲ್ಲೇ ಬಹಳ ವರ್ಷ ಕೆಲಸ ಮಾಡಿದ್ದೇನೆ. ಆದರೆ ಚೆಂದಕ್ಕಾಗಿ ಮಾಡುವ ಆಪರೇಷನ್ನನ್ನು ಶುರುವಿನಿಂದ ಕೊನೆಯವರೆಗೆ ಹತ್ತಿರದಿಂದ ನೋಡಿದ್ದು ಇದೇ ಮೊದಲು. ಆಪರೇಷನ್‌ಗೆ ಮೂರು ತಿಂಗಳ ಮುಂಚಿನಿಂದಲೇ ಒಂದು ನೋಟ್‌ಬುಕ್ ಇಟ್ಟಿದ್ದೆ. ತೂಕ, ಸುತ್ತಳತೆ, ಜ್ವರ, ಮಾತ್ರೆ, ಅವಳು ಅತ್ತ ದಿನಗಳು, ಎಲ್ಲವೂ ಅದರಲ್ಲಿವೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಐದನೇ ವಾರದ ವಿಷಯ ಮಾತ್ರ ಬಿಡಬೇಡ ಅಕ್ಕ. ಅದನ್ನ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ" ಅಂದಳು. ಈ ಬರಹಕ್ಕೆ ಕಾರಣವೂ ಅದೇ.

ಅವಳು ಯಾಕೆ ಬೇಕು ಅಂದಳು

ವಯಸ್ಸು 38. ಎತ್ತರ 160 ಸೆಂಟಿಮೀಟರ್, ತೂಕ 64 ಕೆಜಿ. ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಬಿಎಂಐ ಲೆಕ್ಕದಲ್ಲಿ 25. ಎರಡು ಹೆರಿಗೆ ಆಗಿದೆ. ಎರಡನೇ ಮಗುವಾದ ಮೇಲೆ 11 ಕೆಜಿ ಇಳಿಸಿದ್ದಳು. ಆಮೇಲೆ ಎರಡು ವರ್ಷ ತೂಕ ಒಂದೇ ಕಡೆ ನಿಂತಿತ್ತು. ಕೈಕಾಲು, ಮುಖ ಎಲ್ಲ ಸಣ್ಣಗಾದರೂ ಸೊಂಟದ ಎರಡು ಪಕ್ಕದ ಕೊಬ್ಬು ಮತ್ತು ಹೊಕ್ಕುಳ ಕೆಳಗಿನ ಉಬ್ಬು ಜಗ್ಗಲಿಲ್ಲ. ಸಿಗರೇಟು ಅಭ್ಯಾಸ ಇಲ್ಲ, ಬಿಪಿ ಇಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 104. ಅಂದರೆ ಶುಗರ್ ಕಾಯಿಲೆ ಅಲ್ಲ, ಆದರೆ ಅದರ ಬಾಗಿಲಿಗೆ ಬಂದ ಹಾಗೆ.

ಮೊದಲ ಸಲ ನನ್ನ ಹತ್ತಿರ ಹೇಳಿದಾಗ ನಾನು ಬೇಡ ಅನ್ನಲಿಲ್ಲ. "ಯಾಕೆ ಬೇಕು, ಹೇಳು" ಅಂದೆ. ಅವಳು ಎರಡು ಕಾರಣ ಕೊಟ್ಟಳು. ಒಂದು, ಬಟ್ಟೆ ಹಾಕಿದಾಗ ಪಕ್ಕದಲ್ಲಿ ಮಡಿಕೆ ಬೀಳುತ್ತದೆ, ಯಾರಾದರೂ ಫೋಟೋ ತೆಗೆಯುವಾಗ ಕೈ ತಾನಾಗಿ ಹೊಟ್ಟೆಯ ಮುಂದೆ ಬರುತ್ತದೆ, ಅದು ಸಾಕಾಗಿದೆ. ಎರಡನೆಯದು, ಅಮ್ಮನಿಗೆ ಶುಗರ್ ಇದೆ. "ಹೊಟ್ಟೆಯ ಕೊಬ್ಬು ಹೋದರೆ ನನಗೆ ಬರೋದು ತಪ್ಪುತ್ತೆ ಅಲ್ವಾ?"

ಮೊದಲನೇ ಕಾರಣಕ್ಕೆ ನನ್ನ ತಕರಾರಿರಲಿಲ್ಲ. ತನ್ನ ಮೈ ತನಗೆ ಹಿಡಿಸಬೇಕು ಅಂತ ಒಬ್ಬ ಹೆಂಗಸು ಬಯಸಿದರೆ ಅದು ಸಣ್ಣ ಮಾತಲ್ಲ, ಅಹಂಕಾರವೂ ಅಲ್ಲ. ಎರಡನೆಯದು ಮಾತ್ರ ಸರಿಯಿಲ್ಲ ಅಂತ ನನಗೆ ಗೊತ್ತಿತ್ತು. ಹೊಟ್ಟೆಯಲ್ಲಿ ಕೊಬ್ಬು ಎರಡು ಕಡೆ ಇರುತ್ತದೆ. ಒಂದು ಚರ್ಮದ ಕೆಳಗೆ, ಬೆರಳಿಂದ ಚಿವುಟಿದರೆ ಸಿಗುವಂಥದ್ದು. ಇನ್ನೊಂದು ಸ್ನಾಯುಗಳ ಹಿಂದೆ, ಕರುಳು, ಯಕೃತ್ತಿನ ಸುತ್ತ. ಶುಗರ್, ಕೊಲೆಸ್ಟರಾಲ್ ವಿಷಯದಲ್ಲಿ ಜಾಸ್ತಿ ತೊಂದರೆ ಕೊಡುವುದು ಒಳಗಿನದು. ಲೈಪೋಸಕ್ಷನ್ ಮುಟ್ಟುವುದು ಹೊರಗಿನದನ್ನು ಮಾತ್ರ. 2004ರಲ್ಲಿ ಅಮೆರಿಕದಲ್ಲಿ ಬೊಜ್ಜಿದ್ದ 15 ಹೆಂಗಸರ ಹೊಟ್ಟೆಯಿಂದ ಸುಮಾರು 10 ಕೆಜಿಯಷ್ಟು ಕೊಬ್ಬು ತೆಗೆದು, 10ರಿಂದ 12 ವಾರದ ನಂತರ ಪರೀಕ್ಷೆ ಮಾಡಿದ್ದರು. ಸಕ್ಕರೆ, ಇನ್ಸುಲಿನ್, ಬಿಪಿ, ಕೊಲೆಸ್ಟರಾಲ್, ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಹತ್ತು ಕೆಜಿ ತೆಗೆದರೂ ಇಲ್ಲ!

ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಬರೀ ಮೊದಲನೇ ಕಾರಣಕ್ಕೆ ಮಾಡಿಸಿಕೊಳ್ಳಬೇಕು. ಅದು ಸಾಕಾ ಅಂತ ಯೋಚನೆ ಮಾಡಬೇಕು" ಅಂದಳು. ಈ ಪ್ರಕರಣದಲ್ಲಿ ಒಳ್ಳೆಯದಾಗಿದ್ದೆಲ್ಲ ಆ ಮಾತಿನಿಂದಲೇ ಶುರುವಾಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಆರೋಗ್ಯದ ಹೆಸರು ಸೇರಿಕೊಂಡರೆ ಆಸೆಗೆ ತೂಕ ಬರುತ್ತದೆ, ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ.

ಎರಡು ಕಡೆ ತೋರಿಸಿದ್ದು

ಮೊದಲು ಹೋದ ಕ್ಲಿನಿಕ್‌ನಲ್ಲಿ ಡಾಕ್ಟರು ಸಿಕ್ಕಿದ್ದು ಕೊನೆಯ ಐದು ನಿಮಿಷ. ಅದಕ್ಕೆ ಮುಂಚೆ ಮಾತಾಡಿದವರು ಕೌನ್ಸೆಲರ್. 7 ಲೀಟರ್ ತೆಗೆಯಬಹುದು, ಸಂಜೆಗೆ ಮನೆಗೆ ಹೋಗಬಹುದು, ಮೂರನೇ ದಿನ ಕೆಲಸಕ್ಕೆ ಹೋಗಬಹುದು ಅಂದರು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಯಾರೂ ಕೇಳಲಿಲ್ಲ. ಮಲಗಿಸಿ ಹೊಟ್ಟೆ ಮುಟ್ಟಿ ನೋಡಲಿಲ್ಲ. ಒಂದೇ ಸಲಕ್ಕೆ 5 ಲೀಟರ್‌ಗಿಂತ ಜಾಸ್ತಿ ತೆಗೆದರೆ ಅದನ್ನು ದೊಡ್ಡ ಪ್ರಮಾಣದ ಲೈಪೋಸಕ್ಷನ್ ಅಂತ ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಮೈಯ ನೀರು, ರಕ್ತದ ಸಮತೋಲನ ಏರುಪೇರಾಗುವುದರಿಂದ ಆ ರಾತ್ರಿ ಆಸ್ಪತ್ರೆಯಲ್ಲೇ ನಿಗಾದಲ್ಲಿ ಇಡಬೇಕು. 64 ಕೆಜಿಯ ಹೆಂಗಸಿಗೆ 7 ಲೀಟರ್ ತೆಗೆದು ಸಂಜೆಗೆ ಮನೆಗೆ ಅಂದಾಗಲೇ ನನ್ನ ಎದೆ ಧಸಕ್ ಎಂದಿತು. ಎದ್ದು ಬಂದೆವು.

ಎರಡನೇ ಡಾಕ್ಟರು ಪ್ಲಾಸ್ಟಿಕ್ ಸರ್ಜನ್. ಅವರು ಮೊದಲು ಮಾತು, ಆಮೇಲೆ ಪರೀಕ್ಷೆ ಅಂದರು. ನಿಲ್ಲಿಸಿ ಪಕ್ಕದ ಕೊಬ್ಬನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನೋಡಿದರು. ಚರ್ಮವನ್ನು ಎಳೆದು ಬಿಟ್ಟು, ಎಷ್ಟು ಬೇಗ ವಾಪಸ್ ಹೋಗುತ್ತದೆ ಅಂತ ನೋಡಿದರು. ಆಮೇಲೆ ಅಂಗಾತ ಮಲಗಿಸಿ, "ತಲೆ ಮಾತ್ರ ಎತ್ತಿ" ಅಂದರು. ಅವಳು ತಲೆ ಎತ್ತಿದಾಗ ಹೊಕ್ಕುಳ ಹತ್ತಿರ ಅವರ ಎರಡು ಬೆರಳು ಒಳಗೆ ಇಳಿದವು.

"ನೋಡಿ, ಇಲ್ಲಿ ಎರಡು ಕಡೆಯ ಸ್ನಾಯು ದೂರ ಸರಿದಿದೆ. ಹೆರಿಗೆ ಆದವರಲ್ಲಿ ತುಂಬ ಜನಕ್ಕೆ ಹೀಗಾಗುತ್ತೆ. ಪಕ್ಕದಲ್ಲಿರೋದು ಕೊಬ್ಬು, ಅದನ್ನು ನಾನು ತೆಗೀಬಹುದು. ಕೆಳಹೊಟ್ಟೆಯ ಉಬ್ಬಿನಲ್ಲಿ ಅರ್ಧ ಕೊಬ್ಬು, ಇನ್ನರ್ಧ ಸಡಿಲ ಚರ್ಮ ಮತ್ತು ಈ ಸ್ನಾಯುವಿನ ಬಿರುಕು. ಆ ಇನ್ನರ್ಧ ಲೈಪೋಸಕ್ಷನ್‌ನಿಂದ ಹೋಗಲ್ಲ. ಅದು ಹೋಗಬೇಕು ಅಂದರೆ ಟಮ್ಮಿ ಟಕ್ ಮಾಡಬೇಕು, ಅಂದರೆ ಜಾಸ್ತಿ ಚರ್ಮ ಕತ್ತರಿಸಿ ಸ್ನಾಯು ಹೊಲಿಯೋದು. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಗಾಯದ ಗೆರೆ ಉಳಿಯುತ್ತೆ, ಚೇತರಿಕೆಯೂ ಜಾಸ್ತಿ ದಿನ."

ತಂಗಿ ಕೇಳಿದಳು: "ಬರೀ ಕೊಬ್ಬು ತೆಗೆದರೆ ಕೆಳಗಿನ ಮಡಿಕೆ ಇನ್ನೂ ಜೋತು ಬೀಳುತ್ತಾ?"

"ಸ್ವಲ್ಪ ಬೀಳಬಹುದು. ಅದನ್ನು ಒಪ್ಪಿಕೊಳ್ಳೋಕೆ ಆಗುತ್ತೆ ಅನ್ನೋದಾದರೆ ಮಾತ್ರ ಬನ್ನಿ."

ಹೀಗೆ ಹೇಳುವ ಡಾಕ್ಟರು ಸಿಕ್ಕಿದ್ದು ಅವಳ ಪುಣ್ಯ.

ಹೇಗೆ ಮಾಡುತ್ತಾರೆ ಅಂತಲೂ ಅವರೇ ಬಿಡಿಸಿ ಹೇಳಿದರು. 1970ರ ದಶಕದಲ್ಲಿ ರೋಮ್‌ನಲ್ಲಿ ಅಪ್ಪ-ಮಗ ಇಬ್ಬರೂ ಡಾಕ್ಟರಾಗಿದ್ದ ಫಿಷರ್‌ಗಳು, ಪ್ಯಾರಿಸ್‌ನಲ್ಲಿ ಇಲ್ಲೂಜ್ ಅನ್ನುವ ಡಾಕ್ಟರು ಈ ವಿಧಾನಕ್ಕೆ ದಾರಿ ಹಾಕಿದರು. ಆಗ ಕೊಳವೆಗಳು ದಪ್ಪ, ರಕ್ತವೂ ಜಾಸ್ತಿ ಹೋಗುತ್ತಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ಇನ್ನೊಂದು ದಾರಿ ಹುಡುಕಿದರು. ಸಲೈನ್ ನೀರಿಗೆ ಮರಗಟ್ಟಿಸುವ ಲಿಡೊಕೇನ್ ಮತ್ತು ರಕ್ತನಾಳ ಬಿಗಿಸುವ ಅಡ್ರಿನಲಿನ್ ಬೆರೆಸಿ, ಮೊದಲು ಅದನ್ನು ಕೊಬ್ಬಿನೊಳಗೆ ತುಂಬುವುದು. ಜಾಗ ಗಟ್ಟಿಯಾಗಿ ಉಬ್ಬುತ್ತದೆ, ಬೆಳ್ಳಗಾಗುತ್ತದೆ. ಆಮೇಲೆ ತೆಳು ಕೊಳವೆ ಹಾಕಿ ಹಿಂದೆ ಮುಂದೆ ಆಡಿಸುತ್ತ ಕೊಬ್ಬನ್ನು ಎಳೆಯುವುದು. ಇದರಿಂದ ರಕ್ತ ಹೋಗುವುದು ತುಂಬ ಕಡಿಮೆಯಾಯಿತು. ಇವತ್ತು ಲೇಸರ್, ಅಲ್ಟ್ರಾಸೌಂಡ್ ಅಂತ ಏನೇ ಹೆಸರು ಸೇರಿದರೂ ಬುಡದಲ್ಲಿರುವುದು ಇದೇ.

ಅಪಾಯದ ಮಾತನ್ನೂ ನಾವು ಕೇಳುವ ಮೊದಲೇ ತೆಗೆದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು, ಕೊಬ್ಬಿನ ಕಣ ರಕ್ತಕ್ಕೆ ಸೇರುವುದು, ಕೊಳವೆ ಒಳಗಿನ ಅಂಗಕ್ಕೆ ತಗಲುವುದು, ಸೋಂಕು, ಲಿಡೊಕೇನ್ ಜಾಸ್ತಿಯಾಗುವುದು. 2000ದಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನು ಕೇಳಿ ಮಾಡಿದ ಒಂದು ಸಮೀಕ್ಷೆ ಬಂದಿತ್ತು. ಅದರಲ್ಲಿ ಸುಮಾರು 5,000 ಆಪರೇಷನ್‌ಗೆ ಒಂದು ಸಾವು ಅಂತ ಲೆಕ್ಕ ಸಿಕ್ಕಿತ್ತು. ಕಾರಣಗಳಲ್ಲಿ ಮೊದಲನೆಯದು ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪು. ಆಮೇಲೆ ಎಚ್ಚರಿಕೆ ಜಾಸ್ತಿಯಾಗಿದೆ, ಆದರೆ ಅಪಾಯ ಸೊನ್ನೆ ಆಗಿಲ್ಲ ಅಂದರು. ಅವಳ ಗರ್ಭನಿರೋಧಕ ಮಾತ್ರೆ ಈಸ್ಟ್ರೋಜನ್ ಇರುವಂಥದ್ದು, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವಂಥದ್ದು. ನಾಲ್ಕು ವಾರ ಮೊದಲೇ ನಿಲ್ಲಿಸಿ ಬೇರೆ ಉಪಾಯ ಮಾಡಲು ಹೇಳಿದರು. ಮೈಕೈ ನೋವಿಗೆ ನುಂಗುತ್ತಿದ್ದ ಮಾತ್ರೆ, ಚರ್ಮಕ್ಕೆ ಅಂತ ತೆಗೆದುಕೊಳ್ಳುತ್ತಿದ್ದ ವಿಟಮಿನ್ ಇ ಎರಡನ್ನೂ ನಿಲ್ಲಿಸಿದರು. ಅವು ರಕ್ತಸ್ರಾವ ಹೆಚ್ಚಿಸಬಹುದು. ಮೊದಲ ಕ್ಲಿನಿಕ್‌ನವರು ಕೇಳದೇ ಬಿಟ್ಟಿದ್ದು ಇದನ್ನೇ.

ಅವಳು ತಕ್ಷಣ ದಿನ ಗೊತ್ತು ಮಾಡಲಿಲ್ಲ. ಮೂರು ವಾರ ತೆಗೆದುಕೊಂಡಳು. ಒಂದು ಹಾಳೆಯಲ್ಲಿ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಅಂತ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದಳು. ಹೋಗುವ ಕಡೆ ಒಂದೇ ಸಾಲು: ಪಕ್ಕದ ಮಡಿಕೆ, ಕೆಳಹೊಟ್ಟೆಯ ಸ್ವಲ್ಪ. ಹೋಗದ ಕಡೆ ಚರ್ಮದ ಗೆರೆಗಳು, ಸಡಿಲ ಚರ್ಮ, ಶುಗರ್ ಭಯ, ತೂಕದ ಅಂಕಿ. ಆ ಹಾಳೆಯನ್ನು ದಿನಾ ನೋಡಿ, ಮೂರು ವಾರದ ಮೇಲೂ ಬೇಕು ಅನಿಸಿತು. ಅವಳ ಗಂಡ ಎರಡು ವಾರ ರಜೆ ಹಾಕಿದರು, ನಾನು ಮೊದಲ ನಾಲ್ಕು ರಾತ್ರಿ ಅವಳ ಹತ್ತಿರ ಇರುವುದು ಅಂತಾಯಿತು.

ಆ ದಿನ ಮತ್ತು ಮೊದಲ ರಾತ್ರಿ

ಬೆಳಿಗ್ಗೆ ನಿಲ್ಲಿಸಿಯೇ ಮಾರ್ಕರ್‌ನಲ್ಲಿ ಗೆರೆ ಹಾಕಿದರು. ಮಲಗಿದರೆ ಕೊಬ್ಬು ಸರಿದುಹೋಗುತ್ತದೆ, ಅದಕ್ಕೆ. ಅರಿವಳಿಕೆ ತಜ್ಞರು ಪಕ್ಕದಲ್ಲೇ ಇದ್ದರು, ಮಂಪರು ಬರುವಷ್ಟು ಔಷಧಿ ಕೊಟ್ಟರು. ಐದು ಸಣ್ಣ ತೂತು, 3 ಮತ್ತು 4 ಮಿಲಿಮೀಟರ್ ದಪ್ಪದ ಕೊಳವೆ, ಎರಡೂವರೆ ಗಂಟೆ. ಒಟ್ಟು 2.8 ಲೀಟರ್ ತೆಗೆದರು. ಅದರಲ್ಲಿ ಒಳಗೆ ಬಿಟ್ಟ ನೀರೂ ಸೇರಿತ್ತು, ಬರೀ ಕೊಬ್ಬು 2 ಲೀಟರ್‌ನಷ್ಟು. ಕೊಬ್ಬು ನೀರಿಗಿಂತ ಹಗುರ. ಹಾಗಾಗಿ ತೂಕದಲ್ಲಿ ಎರಡು ಕೆಜಿಯೂ ಅಲ್ಲ.

ಸಾಮಾನ್ಯವಾಗಿ ಅಡ್ರಿನಲಿನ್ ಬೆರೆಸಿದ ಲಿಡೊಕೇನ್ ಕೊಡುವಾಗ ಮಿತಿ ಕೆಜಿಗೆ 7 ಮಿಲಿಗ್ರಾಂ. ಲೈಪೋಸಕ್ಷನ್‌ನಲ್ಲಿ ಔಷಧಿ ತೀರಾ ತೆಳುವಾಗಿ, ಕೊಬ್ಬಿನೊಳಗೆ ನಿಧಾನಕ್ಕೆ ಇಳಿಯುವುದರಿಂದ ಕೆಜಿಗೆ 35 ಮಿಲಿಗ್ರಾಂವರೆಗೆ ಕೊಡಬಹುದು ಅಂತ ಕ್ಲೈನ್ 1990ರಲ್ಲಿ ತೋರಿಸಿದರು. ಆದರೆ ಅದೇ ನಿಧಾನದ ಕಾರಣಕ್ಕೆ ರಕ್ತದಲ್ಲಿ ಔಷಧಿಯ ಮಟ್ಟ ಮೇಲೇರುವುದು ಆಪರೇಷನ್ ಮುಗಿದು ಸುಮಾರು ಹನ್ನೆರಡು ಗಂಟೆಯ ಹೊತ್ತಿಗೆ. ಆಗ ಮನೆಯವರೆಲ್ಲ ಮಲಗಿರುತ್ತಾರೆ. ಆ ರಾತ್ರಿ ನಾನು ಮಲಗಲಿಲ್ಲ. ಎರಡು ಗಂಟೆಗೊಮ್ಮೆ ಎಬ್ಬಿಸಿ ಕೇಳುತ್ತಿದ್ದೆ: ತುಟಿ ಸುತ್ತ ಜುಮ್ ಅಂತಿದೆಯಾ, ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಾ, ಬಾಯಲ್ಲಿ ಕಬ್ಬಿಣದ ರುಚಿಯಾ? ಮಾತು ತೊದಲುತ್ತಿದೆಯಾ ಅಂತಲೂ ನೋಡುತ್ತಿದ್ದೆ. ಯಾವುದೂ ಇರಲಿಲ್ಲ. "ಮಲಗೋಕೆ ಬಿಡು ಅಕ್ಕ" ಅಂತ ರೇಗಿದಳು. ಆ ರೇಗಾಟ ಕೇಳಿಯೇ ನನಗೆ ಸಮಾಧಾನ.

ಮೂರು ತೂತುಗಳಿಗೆ ಹೊಲಿಗೆ ಹಾಕಿರಲಿಲ್ಲ. ಒಳಗಿನ ನೀರು ಸೋರಿಹೋಗಲಿ ಅಂತ ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ. ತಿಳಿಗೆಂಪು ನೀರು ಮಾರನೇ ದಿನ ಸಂಜೆಯವರೆಗೆ ಸೋರಿತು. ಹಾಸಿಗೆಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆಯ ಟವೆಲ್‌ಗಳು. ಗೊತ್ತಿಲ್ಲದವರು ನೋಡಿದರೆ ರಕ್ತ ಹೋಗುತ್ತಿದೆ ಅಂತ ಗಾಬರಿಯಾಗುವುದು ಖಂಡಿತ. ಆದರೆ ಅದು ತೆಳು ನೀರು. ದಟ್ಟ ರಕ್ತ ನಿಲ್ಲದೆ ಬಂದರೆ ಮಾತ್ರ ಫೋನ್ ಮಾಡಬೇಕು. ಮೊದಲ ಸಂಜೆಯೇ ಎಬ್ಬಿಸಿ ಕೋಣೆಯಲ್ಲಿ ನಡೆಸಿದೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು ನಡಿಗೆಯಂಥ ಔಷಧಿ ಇಲ್ಲ. ದಿನಕ್ಕೆ ಎರಡು ಸಲ ಮೀನಖಂಡ ಒತ್ತಿ ನೋಡುತ್ತಿದ್ದೆ. ಒಂದೇ ಕಾಲು ಊದಿ ನೋವು ಬಂತು, ಉಸಿರು ಕಟ್ಟಿತು, ಎದೆ ನೋವು ಅಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಮೂರನೇ ದಿನದ ಸ್ನಾನ

ಕಂಪ್ರೆಷನ್ ಬಟ್ಟೆಯನ್ನು ಮೊದಲ ಸಲ ಬಿಚ್ಚಿದ್ದು ಮೂರನೇ ದಿನ. ಎದೆಯ ಕೆಳಗಿಂದ ತೊಡೆಯವರೆಗೆ ಬರುವ ಬಿಗಿ ಬಟ್ಟೆ ಅದು, ಎರಡು ಸಾಲು ಕೊಕ್ಕೆ, ಮೇಲೆ ಜಿಪ್. ಬಾತ್‌ರೂಮಿನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಕೂರಿಸಿದೆ. ಒಂದೊಂದೇ ಕೊಕ್ಕೆ ಬಿಚ್ಚಿದೆ. ಬಟ್ಟೆಯ ಹೊಲಿಗೆಯ ಅಚ್ಚು ಚರ್ಮದ ಮೇಲೆ ಹಗ್ಗ ಕಟ್ಟಿದ ಹಾಗೆ ಮೂಡಿತ್ತು. ಪಕ್ಕ ಎರಡೂ ಕಡುನೀಲಿ, ತೊಡೆಯ ಕಡೆಗೆ ನೇರಳೆ ಇಳಿದಿತ್ತು. ಜಿಪ್ ಪೂರ್ತಿ ಇಳಿಸುವಷ್ಟರಲ್ಲಿ ಅವಳ ತುಟಿ ಬಿಳುಪಾಯಿತು. "ಅಕ್ಕಾ, ಕಿವಿ ಮುಚ್ಚಿಕೊಳ್ಳುತ್ತಿದೆ" ಅಂದಳು. ಹಣೆಯ ಮೇಲೆ ಬೆವರು ಮಣಿಕಟ್ಟಿತ್ತು. ತಲೆಯನ್ನು ಮೊಣಕಾಲಿನ ಕಡೆಗೆ ಬಗ್ಗಿಸಿ ಹಿಡಿದುಕೊಂಡೆ. ಎರಡು ನಿಮಿಷಕ್ಕೆ ಸರಿಹೋಯಿತು.

ಇದು ತುಂಬ ಜನರಿಗೆ ಆಗುತ್ತದೆ. ಬಿಗಿ ಒಮ್ಮೆಲೇ ಬಿಟ್ಟಾಗ ರಕ್ತ ಕೆಳಗೆ ಇಳಿದು ತಲೆ ಸುತ್ತುತ್ತದೆ. ಮೊದಲ ಸ್ನಾನಕ್ಕೆ ಒಬ್ಬರೇ ಹೋಗಬಾರದು, ನಿಂತು ಬಿಚ್ಚಬಾರದು, ಬಾಗಿಲಿಗೆ ಚಿಲಕ ಹಾಕಬಾರದು. ನಾನು ಪಕ್ಕದಲ್ಲಿ ಇರದಿದ್ದರೆ ಆ ನೆಲದ ಮೇಲೆ ಅವಳ ತಲೆ ಬಡಿಯುತ್ತಿತ್ತು.

ಸ್ನಾನವಾದ ಮೇಲೆ ನನಗೆ ಹೇಳದೆ ತೂಕದ ಮೆಷಿನ್ ಮೇಲೆ ನಿಂತಳು. 66.2. ಆಪರೇಷನ್‌ಗೆ ಮುಂಚೆ 64. ಟೇಪು ಹಿಡಿದರೆ ಹೊಕ್ಕುಳ ಮಟ್ಟದಲ್ಲಿ 91 ಸೆಂಟಿಮೀಟರ್, ಮುಂಚೆ ಇದ್ದದ್ದು 88. ಅವಳ ಮುಖ ನೋಡಲಾಗಲಿಲ್ಲ. ಎರಡನೇ, ಮೂರನೇ ದಿನಕ್ಕೆ ಊತ ತನ್ನ ತುದಿ ಮುಟ್ಟುತ್ತದೆ. ಒಳಗೆ ಬಿಟ್ಟ ನೀರು, ಗಾಯಕ್ಕೆ ಮೈ ಕಳಿಸಿದ ನೀರು ಎಲ್ಲ ಸೇರಿ ತೂಕ ಏರುತ್ತದೆ. ನನಗೆ ಇದು ಗೊತ್ತಿತ್ತು, ಅವಳಿಗೂ ಹೇಳಿದ್ದೆ. ಆದರೆ ಅಂಕಿ ಕಣ್ಣೆದುರು ಬಂದಾಗ ಹೇಳಿದ ಮಾತು ನಿಲ್ಲುವುದಿಲ್ಲ. ತೂಕದ ಮೆಷಿನ್ನನ್ನು ಆ ಸಂಜೆಯೇ ನನ್ನ ಮನೆಗೆ ತಂದಿಟ್ಟೆ.

ಒಂಬತ್ತನೇ ದಿನ ಎಡಗಡೆ ಸೊಂಟದಲ್ಲಿ ಏನೋ ಕುಲುಕಿದ ಹಾಗಾಗುತ್ತಿದೆ ಅಂದಳು. ಕೈ ಇಟ್ಟು ಒಂದು ಕಡೆ ತಟ್ಟಿದರೆ ಇನ್ನೊಂದು ಕಡೆ ಅಲೆ ಬಂದು ತಾಗುತ್ತಿತ್ತು. ಜ್ವರ ಇಲ್ಲ, ಬಿಸಿ ಇಲ್ಲ, ಕೆಂಪು ಇಲ್ಲ. ಸೆರೋಮಾ ಅಂತ ಗೊತ್ತಾಯಿತು. ಕೊಬ್ಬು ಹೋದ ಜಾಗದಲ್ಲಿ ನೀರು ತುಂಬಿಕೊಳ್ಳುವುದು. ಡಾಕ್ಟರು ಸಿರಿಂಜು ಹಾಕಿ 45 ಮಿಲಿಲೀಟರ್ ತಿಳಿಹಳದಿ ನೀರು ತೆಗೆದರು. ಅಲ್ಲಿ ಚರ್ಮ ಮರಗಟ್ಟಿದ್ದರಿಂದ ಸೂಜಿ ಚುಚ್ಚಿದ್ದೂ ಅವಳಿಗೆ ಗೊತ್ತಾಗಲಿಲ್ಲ. ನಾಲ್ಕು ದಿನದ ಮೇಲೆ ಇನ್ನೊಮ್ಮೆ 15 ಮಿಲಿಲೀಟರ್. ಅಷ್ಟಕ್ಕೇ ನಿಂತಿತು. ಮನೆಯಲ್ಲಿ ಒತ್ತಿ ಹೊರಗೆ ಬರಿಸಲು ಹೋಗಿದ್ದರೆ ಸೋಂಕಾಗಬಹುದಿತ್ತು.

ಕುಳಿತು ಮಾಡುವ ಕೆಲಸವಾದ್ದರಿಂದ ಹನ್ನೊಂದನೇ ದಿನ ಆಫೀಸಿಗೆ ಹೋದಳು. ನೀಲಿ ಹಸಿರಾಗಿ, ಹಳದಿಯಾಗಿ ಮೂರನೇ ವಾರಕ್ಕೆ ಹೋಯಿತು. ಬಿಗಿ ಬಟ್ಟೆ ನಾಲ್ಕು ವಾರ ಹಗಲೂ ರಾತ್ರಿ, ಆಮೇಲೆ ಎರಡು ವಾರ ಹಗಲು ಮಾತ್ರ. ಭಾರ ಎತ್ತುವುದು, ಓಡುವುದು ಆರು ವಾರದವರೆಗೆ ಬೇಡ ಅಂದಿದ್ದರು.

ಐದನೇ ವಾರ

ಎಲ್ಲರೂ ಮೊದಲ ವಾರ ಕಷ್ಟ ಅನ್ನುತ್ತಾರೆ. ಮೊದಲ ವಾರದಲ್ಲಿ ನೋವಿತ್ತು, ಆದರೆ ಜೊತೆಗೆ ಜನ ಇದ್ದರು, ಕಾರಣವೂ ಗೊತ್ತಿತ್ತು. ಐದನೇ ವಾರಕ್ಕೆ ನಾನು ನನ್ನ ಡ್ಯೂಟಿಗೆ, ಅವಳ ಗಂಡ ತಮ್ಮ ಕೆಲಸಕ್ಕೆ. ನೋಡಿದವರು "ಆರಾಮಾದಿರಲ್ಲ" ಅನ್ನುತ್ತಿದ್ದರು. ಅವಳು ಮಾತ್ರ ದಿನಾ ಕನ್ನಡಿ ಮುಂದೆ ನಿಂತು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಒಂದು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. ಹೋದೆ. ಅಂಗಿ ಎತ್ತಿ ತೋರಿಸಿದಳು. ಕೆಳಹೊಟ್ಟೆ ರಟ್ಟಿನ ಹಾಗೆ ಬಿರುಸು. ಬಲಗಡೆ ಸೊಂಟದಲ್ಲಿ ಮೂರ್ನಾಲ್ಕು ಗಟ್ಟಿ ಗಂಟು, ಹುಣಸೆ ಬೀಜದಷ್ಟು ದೊಡ್ಡವು. ಬಲಪಕ್ಕ ಎಡಕ್ಕಿಂತ ದಪ್ಪ ಕಾಣುತ್ತಿತ್ತು. ಮುಟ್ಟಿದರೆ ಅರ್ಧ ಜಾಗದಲ್ಲಿ ಸ್ಪರ್ಶವೇ ಇಲ್ಲ, ಇನ್ನರ್ಧದಲ್ಲಿ ಕರೆಂಟ್ ಹೊಡೆದ ಹಾಗೆ ಚುಳುಕು. "ನಾನೇ ದುಡ್ಡು ಕೊಟ್ಟು ನನ್ನ ಮೈ ಹಾಳು ಮಾಡಿಕೊಂಡೆ ಅಕ್ಕ" ಅಂತ ಅತ್ತಳು. "ಮುಂದಿನ ವಾರವೇ ಇನ್ನೊಮ್ಮೆ ಮಾಡಿಸಿ ಸರಿಮಾಡಿಸುತ್ತೇನೆ. ಈ ಡಾಕ್ಟರು ಒಪ್ಪದಿದ್ದರೆ ಮೊದಲು ಹೋದ ಕ್ಲಿನಿಕ್‌ಗೆ ಹೋಗುತ್ತೇನೆ."

ನಾನು ಒಂದು ತಪ್ಪು ಮಾಡಿದೆ. "ಚೆನ್ನಾಗೇ ಇದೆಯಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅಂದೆ. ಅವಳು ನನ್ನ ಕೈ ತಳ್ಳಿದಳು. ಚೆನ್ನಾಗಿರಲಿಲ್ಲ, ಅದು ನಿಜ. ನಿಜ ಕಾಣುತ್ತಿರುವವರ ಮುಂದೆ ಸುಳ್ಳು ಸಮಾಧಾನ ಹೇಳಿದರೆ ಅವರು ಒಂಟಿಯಾಗುತ್ತಾರೆ. ಕ್ಷಮೆ ಕೇಳಿ, ಕೂತು, ಗೊತ್ತಿದ್ದನ್ನು ಹೇಳಿದೆ. ಕೊಳವೆ ಓಡಾಡಿದ ಕಡೆಯೆಲ್ಲ ಚರ್ಮದ ಕೆಳಗೆ ಸುರಂಗಗಳಾಗಿರುತ್ತವೆ. ಮೈ ಅವನ್ನು ನಾರಿನಂಥ ಗಾಯದ ಅಂಗಾಂಶದಿಂದ ತುಂಬಿ ಮುಚ್ಚುತ್ತದೆ. ಚರ್ಮ ಒಳಗಿನ ಪದರಕ್ಕೆ ಅಂಟಿ ಬಿಗಿಯಾಗುವುದು ಆ ನಾರಿನಿಂದಲೇ. ಅದೇ ನಾರು ಈ ಹಂತದಲ್ಲಿ ಗಂಟಾಗಿ, ಬಿರುಸಾಗಿ ಕೈಗೆ ಸಿಗುತ್ತದೆ. ತಿಂಗಳುಗಳು ಕಳೆದ ಹಾಗೆ ಮೆತ್ತಗಾಗುತ್ತದೆ. ಚುಳುಕು ಅಂದರೆ ಸಣ್ಣ ನರಗಳು ಮತ್ತೆ ಬೆಳೆಯುತ್ತಿವೆ ಅಂತ. ಎರಡು ಪಕ್ಕದ ಊತ ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ.

ಮಾರನೇ ದಿನ ಡಾಕ್ಟರ ಹತ್ತಿರ ಹೋದೆವು. ಅವರು ಪೂರ್ತಿ ಪರೀಕ್ಷೆ ಮಾಡಿ, "ಈಗ ಕೈ ಹಾಕಿದರೆ ಊತದ ಮೇಲೆ ಅಂದಾಜಿನಲ್ಲಿ ಕೆತ್ತಿದ ಹಾಗೆ. ಊತ ಇಳಿದ ಮೇಲೆ ಅಲ್ಲಿ ಹಳ್ಳ ಬೀಳುತ್ತೆ. ಹಳ್ಳ ತುಂಬಿಸೋದು ಉಬ್ಬು ತೆಗೆಯೋದಕ್ಕಿಂತ ತುಂಬಾ ಕಷ್ಟ. ಆರು ತಿಂಗಳು ಆಗಲಿ. ಆಗಲೂ ಹೀಗೇ ಇದ್ದರೆ ನಾನೇ ಸರಿಮಾಡುತ್ತೇನೆ" ಅಂದರು. ದಿನಾ ಹತ್ತು ನಿಮಿಷ ಬೆರಳ ತುದಿಯಿಂದ ಮೆಲ್ಲಗೆ ಮಸಾಜ್ ಮಾಡಲು ತೋರಿಸಿಕೊಟ್ಟರು.

ಆಪರೇಷನ್‌ಗೆ ಮುಂಚಿನ ನಿರ್ಧಾರಕ್ಕೆ ನಾವು ಮೂರು ತಿಂಗಳು ತೆಗೆದುಕೊಂಡಿದ್ದೆವು. ಇನ್ನೊಮ್ಮೆ ಮಾಡಿಸುವ ನಿರ್ಧಾರವನ್ನು ಅವಳು ಒಂದು ರಾತ್ರಿಯಲ್ಲಿ ಮಾಡಲು ಹೊರಟಿದ್ದಳು. ಅದೂ ಊದಿಕೊಂಡ ಮೈ ನೋಡಿ, ನಿದ್ದೆಗೆಟ್ಟು. ನನಗೆ ಜಾಸ್ತಿ ಭಯವಾಗಿದ್ದು ಈ ಎರಡನೇ ನಿರ್ಧಾರದ್ದೇ.

ಕನ್ನಡಿಯ ಬದಲು ಟೇಪು ಹಿಡಿಯೋಣ ಅಂತ ಒಪ್ಪಂದ ಮಾಡಿಕೊಂಡೆವು. ವಾರಕ್ಕೆ ಒಂದೇ ಸಲ, ಭಾನುವಾರ ಬೆಳಿಗ್ಗೆ ಎದ್ದ ತಕ್ಷಣ. ಒಂದು ಅಳತೆ ಹೊಕ್ಕುಳ ಮೇಲೆ, ಇನ್ನೊಂದು ಸೊಂಟದ ಮೂಳೆಯ ಮೇಲೆ. ಫೋಟೋ ತಿಂಗಳಿಗೊಂದು, ಅದೇ ಗೋಡೆ, ಅದೇ ಕಿಟಕಿಯ ಬೆಳಕು, ಅಷ್ಟೇ ದೂರ. ಸಂಜೆ ನೋಡುವ ಹಾಗಿಲ್ಲ, ಯಾಕೆಂದರೆ ದಿನವಿಡೀ ಕೂತರೆ ಸಂಜೆಗೆ ಊತ ಜಾಸ್ತಿ. ಹೊಕ್ಕುಳ ಮಟ್ಟದಲ್ಲಿ ಆರನೇ ವಾರ 84.5. ಎಂಟನೇ ವಾರ 83.5. ಮೂರನೇ ತಿಂಗಳು 82. ಟೇಪು ನಿಧಾನಕ್ಕೆ ಇಳಿಯುತ್ತಿತ್ತು, ಅವಳ ಮಾತೂ ನಿಧಾನಕ್ಕೆ ಬದಲಾಗುತ್ತಿತ್ತು. ಹತ್ತನೇ ವಾರದ ಪುಟದಲ್ಲಿ "ಇವತ್ತು ಅಳತೆ ಮರೆತಳು" ಅಂತ ಬರೆದಿದ್ದೇನೆ. ಆ ಸಾಲು ಬರೆಯುವಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಆಮೇಲೆ

ಆರು ತಿಂಗಳಿಗೆ 81 ಸೆಂಟಿಮೀಟರ್, ತೂಕ 62.4. ಬಲಗಡೆಯ ಗಂಟುಗಳಲ್ಲಿ ಒಂದನ್ನು ಬಿಟ್ಟು ಎಲ್ಲ ಕರಗಿದ್ದವು. ಎರಡು ಪಕ್ಕ ಸಮ ಆಗಿತ್ತು. ಎಡಗಡೆ, ಸೆರೋಮಾ ಆಗಿದ್ದ ಕಡೆ, ಹೆಬ್ಬೆರಳು ಒತ್ತಿದಷ್ಟು ಒಂದು ತಗ್ಗು ಉಳಿದಿದೆ. ಬೆಳಕು ಪಕ್ಕದಿಂದ ಬಿದ್ದರೆ ಕಾಣುತ್ತದೆ. ಅದಕ್ಕೆ ಏನಾದರೂ ಮಾಡಬೇಕಾ ಅಂತ ಡಾಕ್ಟರು ಕೇಳಿದರು. ಅವಳು ಬೇಡ ಅಂದಳು. ಕೆಳಹೊಟ್ಟೆಯ ಚರ್ಮದ ಮಡಿಕೆ ಡಾಕ್ಟರು ಹೇಳಿದ್ದ ಹಾಗೆಯೇ ಇದೆ, ಬಗ್ಗಿದರೆ ಸ್ವಲ್ಪ ಜೋತು ಬೀಳುತ್ತದೆ. ಹೊಕ್ಕುಳ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಸ್ಪರ್ಶ ಪೂರ್ತಿ ಬರಲು ಒಂಬತ್ತು ತಿಂಗಳು ಬೇಕಾಯಿತು.

ಕೊಬ್ಬು ಮತ್ತೆ ಬರುತ್ತದಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ದೊಡ್ಡವರಾದ ಮೇಲೆ ಮೈಯಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರುತ್ತದೆ, ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಸತ್ತು ಹೊಸದು ಬರುತ್ತವೆ ಅಂತ 2008ರಲ್ಲಿ ಸ್ವೀಡನ್‌ನ ಸಂಶೋಧಕರು ತೋರಿಸಿದರು. ತೆಗೆದ ಜಾಗದಲ್ಲಿ ಕೋಶ ಕಡಿಮೆಯಾಗುತ್ತದೆ ನಿಜ. ಆದರೆ ತೂಕ ಏರಿದರೆ ಉಳಿದ ಕೋಶಗಳು ದಪ್ಪವಾಗುತ್ತವೆ, ಬೇರೆ ಕಡೆ ತುಂಬಿಕೊಳ್ಳುತ್ತವೆ. ಅದರಲ್ಲೂ ನನ್ನನ್ನು ಕಾಡಿದ್ದು 2012ರಲ್ಲಿ ಬ್ರೆಜಿಲ್‌ನಿಂದ ಬಂದ ಅಧ್ಯಯನ. ಹೊಟ್ಟೆಯ ಕೊಬ್ಬು ತೆಗೆಸಿಕೊಂಡ ಹೆಂಗಸರಲ್ಲಿ ಅರ್ಧ ಜನ ವ್ಯಾಯಾಮ ಮಾಡಿದರು, ಅರ್ಧ ಜನ ಮಾಡಲಿಲ್ಲ. ಮಾಡದವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಆರು ತಿಂಗಳಲ್ಲಿ ಶೇಕಡಾ 10ರಷ್ಟು ಹೆಚ್ಚಿತ್ತು. ಮಾಡಿದವರಲ್ಲಿ ಹೆಚ್ಚಿರಲಿಲ್ಲ. ಅಂದರೆ ಹೊರಗಿನ, ಅಷ್ಟು ಕಾಟ ಕೊಡದ ಕೊಬ್ಬು ತೆಗೆಸಿ ಸುಮ್ಮನೆ ಕೂತರೆ ಒಳಗಿನದು ಬೆಳೆಯಬಹುದು. ಅಮ್ಮನಿಗೆ ಶುಗರ್ ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಇದನ್ನು ಓದಿ ಹೇಳಿದ ಮೇಲೆ ಅವಳು ಏಳನೇ ವಾರದಿಂದ ವೇಗದ ನಡಿಗೆ ಶುರುಮಾಡಿದಳು. ಮೂರನೇ ತಿಂಗಳಿಂದ ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮ. ಆಪರೇಷನ್ ಆದ ಮೂರು ತಿಂಗಳಿಗೆ ಖಾಲಿ ಹೊಟ್ಟೆಯ ಸಕ್ಕರೆ 103 ಇತ್ತು. ಕೊಬ್ಬು ತೆಗೆಸಿದ್ದರಿಂದ ಅದು ಇಳಿದಿರಲಿಲ್ಲ. ಒಂದು ವರ್ಷಕ್ಕೆ 95. ಆಗ ತೂಕ 62.8, ಹೊಕ್ಕುಳ ಮಟ್ಟದಲ್ಲಿ 81.5.

ವರ್ಷ ತುಂಬಿದ ದಿನ ಕಪಾಟಿನ ಬಾಗಿಲಿನ ಹಾಳೆ ಇನ್ನೂ ಅಲ್ಲೇ ಇತ್ತು. ಅವಳು ಪೆನ್ನು ತೆಗೆದುಕೊಂಡು ಹೋಗದ ಕಡೆಯ ಪಟ್ಟಿಯಲ್ಲಿ "ಶುಗರ್ ಭಯ" ಅನ್ನುವುದರ ಮುಂದೆ 95 ಅಂತ ಬರೆದಳು. ಮುಂದಿನ ರಕ್ತ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿದೆ. ಅಮ್ಮನದ್ದನ್ನೂ ಅದೇ ದಿನ ಮಾಡಿಸುತ್ತೇವೆ.